ರೈಟ್ ಅಂದವನು ನಾನು

ನಮ್ಮ ಬೀಗರ ಬಲ ಮೊಣಕೈ ಎಡ ಮೊಣಕೈಗಿಂತ ಕಪ್ಪಾಗಿತ್ತು. ದುಡಿಯುವ ವಯಸ್ಸನ್ನೆಲ್ಲ ಬಸ್ಸು ಓಡಿಸುವುದರಲ್ಲೇ ಕಳೆದವರು ಅವರು. ಕಿಟಕಿಯ ಅಂಚಿನ ಮೇಲೆ ಇಟ್ಟ ಆ ಮೊಣಕೈಯನ್ನು ಹುಕ್ಕೇರಿ, ಗೋಕಾಕ, ಮೂಡಲಗಿ ದಾರಿಯ ಬಿಸಿಲು ಸುಟ್ಟು ಸುಟ್ಟು ಬದನೆಕಾಯಿಯ ಬಣ್ಣಕ್ಕೆ ತಂದಿತ್ತು. ನಿವೃತ್ತಿಯಾದ ಮೇಲೂ ಅದು ತಿಳಿಯಾಗಲಿಲ್ಲ. ಕುರ್ಚಿಯಲ್ಲಿ ಕೂತು ಮಾತಾಡುವಾಗ ಅವರ ಎಡಗಾಲು ಆಗಾಗ ನೆಲವನ್ನು ಒತ್ತುತ್ತಿತ್ತು, ಕ್ಲಚ್ ಅಲ್ಲೇ ಇದೆ ಎಂಬಂತೆ.

ಅವರ ಮಗನಿಗೆ ನನ್ನ ಮಗಳನ್ನು ಕೊಟ್ಟಿದ್ದೇನೆ. ಅಳಿಯನಿಗೆ ಗೋಕಾಕದಲ್ಲಿ ಔಷಧದ ಅಂಗಡಿ. ಬೀಗರು ನಿವೃತ್ತರಾದ ಮೇಲೆ ಹುಕ್ಕೇರಿ ಬಿಟ್ಟು ಮಗನ ಮನೆಗೆ ಬಂದರು. ನಾನು ಮೂಡಲಗಿಯವನು. ಹಿಟ್ಟಿನ ಗಿರಣಿ ನಡೆಸಿಕೊಂಡು ಬಂದವನು, ಓದಿದ್ದು ಮೆಟ್ರಿಕ್‌ವರೆಗೆ. ಬೀಗರ ಸಂಬಂಧ ಎಂದರೆ ನಮ್ಮ ಕಡೆ ಗಾಜಿನ ಸಾಮಾನು. ಕುಂದು ಕೊರತೆ ಎತ್ತಿ ಆಡುವಂತಿಲ್ಲ, ಎದುರು ಮಾತಾಡುವಂತಿಲ್ಲ. ಆದರೆ ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗಲೇ ಗಿರಣಿಯೊಳಗೆ ಹೊಕ್ಕು ಬೆಲ್ಟಿನ ಸಪ್ಪಳ ಕೇಳಿ, "ಬೀಗರ, ನಿಮ್ಮ ಮಷೀನಿಗೆ ನೆಗಡಿ ಆಗೇತಿ" ಅಂದರು. ನನ್ನ ಹೆಂಡತಿ ಒಳಗಿನಿಂದ ನಕ್ಕದ್ದು ಹೊರಗೆ ಕೇಳಿಸಿತು. ಆಮೇಲೆ ನಮ್ಮಿಬ್ಬರ ನಡುವೆ ಬೀಗತನಕ್ಕಿಂತ ಗೆಳೆತನವೇ ಹೆಚ್ಚಾಯಿತು. ಹಾಗಂತ "ರಿ" ಮಾತ್ರ ಇಬ್ಬರೂ ಬಿಡಲಿಲ್ಲ.

ಅವರಿಗೆ ವಿಮಾನದ ಹುಚ್ಚು ಹತ್ತಿದ್ದು ನಿವೃತ್ತಿಯಾದ ಮೇಲೆ. ರಿಮೋಟಿನಿಂದ ಹಾರಿಸುವ ಸಣ್ಣ ವಿಮಾನ. ಅಳಿಯ ಮೊಬೈಲಿನಲ್ಲಿ ಏನೋ ತೋರಿಸಿದನಂತೆ, ಇವರು ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಬಿಡಿಭಾಗಗಳ ಡಬ್ಬಿ ತರಿಸಿಕೊಂಡು, ಮನೆಯ ಮಂಚವನ್ನೇ ವರ್ಕ್‌ಶಾಪು ಮಾಡಿ, ಗಟ್ಟಿ ಥರ್ಮಾಕೋಲಿನ ಮೈಗೆ ರೆಕ್ಕೆ ಬಾಲ ಅಂಟಿಸಿ ಜೋಡಿಸಿದರು. ಬೀಗತಿ ಎಷ್ಟೋ ದಿನ ನೆಲದ ಮೇಲೆ ಮಲಗಿದರು. "ಮುದುಕಗ ಮೊಮ್ಮಕ್ಕಳು ಆಡಾಕ ಸಾಲವಲ್ಲವು ಅಂತ ವಿಮಾನ ಹಡದಾನ" ಎಂದು ನನ್ನೆದುರೇ ಅಂದರು.

ಗೋಕಾಕದಲ್ಲಿ ಹಾರಿಸಲು ಜಾಗವಿಲ್ಲ. ಎತ್ತ ನೋಡಿದರೂ ಬಂಡೆ ಇಲ್ಲವೇ ಮನೆ. ಮಸಗುಪ್ಪಿಯ ಹತ್ತಿರ ನನ್ನದೊಂದು ಹೊಲವಿದೆ. ಅದರ ಬಾಜೂಕಿಗೆ ಯಾರೂ ಉಳದ ಬರಡು ನೆಲ, ಮಡ್ಡಿ, ಅಂಗೈಯಂತೆ ಸಪಾಟು. ಹೀಗಾಗಿ ಅವರು ವಿಮಾನವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ನಮ್ಮೂರಿಗೆ ಬರತೊಡಗಿದರು. ಕಂಡಕ್ಟರುಗಳೆಲ್ಲ ಪರಿಚಯದವರೇ. "ಕಾಕಾ, ಇದಕ್ಕ ಹಾಫ್ ಟಿಕೀಟ್ ಹರೀಲೇನು?" ಎಂದು ಒಬ್ಬ ಕೇಳಿದರೆ, "ಹರಿಯಪಾ. ಆದ್ರ ಕಿಟಕಿ ಸೀಟು ಕೊಡು, ದಾರಿ ನೋಡ್ಕೊಂಡು ಬರತೈತಿ" ಎನ್ನುತ್ತಿದ್ದರು.

ಮಡ್ಡಿಯ ಮೇಲೆ ನಾನು ಅವರ ಕಂಡಕ್ಟರ್ ಆದೆ. ರಿಮೋಟು ಅವರ ಕೈಯಲ್ಲಿ, ಉಳಿದ ಚಾಕರಿ ನನ್ನದು. ಮೂಗಿನ ಕೆಳಗಿನ ಮುಚ್ಚಳ ತೆಗೆದು ಬ್ಯಾಟರಿ ಕೂಡಿಸಬೇಕು. ಅವರು ರಿಮೋಟಿನ ಕಡ್ಡಿ ಆಡಿಸಿದಾಗ ಹಿಂದೆ ನಿಂತು ಬಾಲದ ಪಟ್ಟಿ ಯಾವ ಕಡೆ ಹೊರಳುತ್ತದೆಂದು ನೋಡಿ ಎಡ, ಬಲ ಎಂದು ಕೂಗಬೇಕು. ಎಲ್ಲಕ್ಕಿಂತ ದೊಡ್ಡದು ತೂಕ ನೋಡುವುದು. ಎರಡೂ ರೆಕ್ಕೆಯ ಅಡಿಯಲ್ಲಿ ಅವರು ಪೆನ್ನಿನಿಂದ ಒಂದೊಂದು ಚುಕ್ಕೆ ಇಟ್ಟಿದ್ದರು. ಆ ಚುಕ್ಕೆಗಳ ಕೆಳಗೆ ಒಂದೊಂದು ಬೆರಳು ಕೊಟ್ಟು ಎತ್ತಿದರೆ ವಿಮಾನ ನೆಟ್ಟಗೆ ನಿಲ್ಲಬೇಕು. ಮೂಗು ಒಂದು ಕೂದಲೆಳೆ ಬಾಗಿದರೆ ಅಡ್ಡಿಯಿಲ್ಲ, ಬಾಲ ಬಾಗಬಾರದು.

"ಬಾಲ ಭಾರ ಆದ್ರ ಏನಾಕ್ಕೇತ್ರಿ?" ಎಂದು ಕೇಳಿದ್ದೆ.

"ಟಾಪಿನ ಮ್ಯಾಲ ಮಂದಿ ಹತ್ತಿಸಿಕೊಂಡು ಘಾಟ್ ಏರಿಧಂಗ ಆಕ್ಕೇತಿ. ಮೂತಿ ಮ್ಯಾಲ ಎತ್ತಿ ನಿಂತಬಿಡತೈತಿ. ನಿಂತ್ರ ಬಿತ್ತು."

ಎಲ್ಲ ಮುಗಿದ ಮೇಲೆ ನಾನು "ರೈಟ್" ಅನ್ನಬೇಕು. ಮೊದಲ ದಿನ ನಾನು "ಹೂಂ, ಬಿಡ್ರಿ" ಅಂದೆ. ಅವರು ಅಲುಗಾಡಲಿಲ್ಲ. "ರೈಟ್ ಅನ್ನಲಾರ್ದ ಗಾಡಿ ಬಿಡಾಂವಲ್ಲ ನಾ. ಅಷ್ಟು ವರ್ಷದಾಗ ಬಿಟ್ಟಿಲ್ಲ." ನಾನು ನಾಚುತ್ತ ಅಂದೆ, "ರೈಟ್." ವಿಮಾನದ ಮೂಗಿನ ಪಂಖಾ ಗುಂಯ್ಗುಟ್ಟಿತು. ವಿಮಾನ ಕುಣಿಯುತ್ತ ಓಡಿ, ನೆಲ ಬಿಟ್ಟು, ಕಬ್ಬಿನ ಹೊಲದ ಮೇಲೆ ಏರಿತು. ಅವರ ಮುಖ ನೋಡಿದೆ. ನಮ್ಮ ಬೀಗರಿಗೆ ಹಲ್ಲು ಕಾಣುವಂತೆ ನಗುವ ಅಭ್ಯಾಸವಿರಲಿಲ್ಲ. ಅವತ್ತು ನಕ್ಕಿದ್ದರು.

ವಿಮಾನ ನಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲ ಅದಲು ಬದಲಾಗುತ್ತದೆ. ಅಲ್ಲಿಯೇ ಹೊಸಬರು ಕೆಡವುತ್ತಾರಂತೆ. ಇವರಿಗೆ ಅದು ತೊಡಕೇ ಅಲ್ಲ. "ಸಂತಿ ದಿನ ಗದ್ದಲದಾಗ ಬಸ್ಸು ರಿವರ್ಸ್ ತಗೊಂಡಾಂವಗ ಇದೇನ್ರಿ" ಎನ್ನುತ್ತಿದ್ದರು. ಒಂದು ಸಲ ರಿಮೋಟನ್ನು ನನ್ನ ಕೈಗೆ ಕೊಡಲು ಬಂದರು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ.

ಊಟಕ್ಕೆ ಕೂತಾಗ ಬಸ್ಸಿನ ಕತೆಗಳು. ಅದರಲ್ಲಿ ಒಂದನ್ನು ಇಲ್ಲಿ ಹೇಳಬೇಕು. ಯಾವುದೋ ಹಳ್ಳಿಯ ಸ್ಟಾಪಿನಲ್ಲಿ ಒಬ್ಬ ಮುದುಕಿ ಇನ್ನೂ ಒಂದು ಕಾಲು ನೆಲದ ಮೇಲೆ ಇಟ್ಟಿರುವಾಗಲೇ ಹೊಸ ಕಂಡಕ್ಟರ್ ರೈಟ್ ಅಂದನಂತೆ. ಬಸ್ಸು ಹೊರಟಿತು, ಮುದುಕಿ ಬಿದ್ದಳು. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ. ಜನ ಸೇರಿದಾಗ ಇವರು ಕೆಳಗಿಳಿದು, ತಪ್ಪು ನನ್ನದು, ಕನ್ನಡಿ ನೋಡಲಿಲ್ಲ ಎಂದರಂತೆ.

"ಅಲ್ರಿ, ತಪ್ಪು ಅವಂದಲ್ಲೇನ್ರಿ?" ಎಂದೆ.

"ಅಂವಾ ಬಾಗಿಲದಾಗ ನಿಂತು ಗಡಗಡ ನಡಗಾಕತ್ತಿದ್ದ. ಹೊಸಾ ಹುಡುಗ. ಗಾಡಿ ಕೆಟ್ಟರ ಡ್ರೈವರಗ ಬೈತಾರ, ಬೈಲಿ ಬಿಡ್ರಿ." ರೊಟ್ಟಿ ಮುರಿಯುತ್ತ ಹೇಳಿದರು. ಆ ಮಾತು ಎಂದಾದರೂ ನನ್ನ ಮನೆ ಬಾಗಿಲಿಗೆ ಬಂದೀತೆಂದು ನನಗೆ ಅನಿಸಲಿಲ್ಲ.

ಈ ನಡುವೆ ನನ್ನ ಹೆಂಡತಿ ತೀರಿಕೊಂಡಳು. ಬೀಗರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಕಣ್ಣು ತಿಳಿಯಾಯಿತೆಂದು ಅವರು ಹೇಳುತ್ತಿದ್ದರೂ ಅಳಿಯನಿಗೆ ನಂಬಿಕೆ ಬರಲಿಲ್ಲ. ಆ ಪಂಖಾ ಬೆರಳು ಕತ್ತರಿಸುವಂಥದ್ದು. ಹೊಲದಲ್ಲಿ ದುಡಿಯುವ ಯಾರಿಗಾದರೂ ಬಡಿದರೆ ಏನು ಗತಿ ಎಂಬ ಅವನ ಅಂಜಿಕೆ ಸುಳ್ಳಲ್ಲ. ಅಪ್ಪ ಮಗನ ನಡುವೆ ಒಂದು ಒಪ್ಪಂದವಾಯಿತು. ಒಂದು ರವಿವಾರ ಮಗ ಬಂದು ಕಣ್ಣಾರೆ ನೋಡುವುದು. ಸರಿಯಾಗಿ ಹಾರಿಸಿ ಇಳಿಸಿದರೆ ಮುಂದೆ ಅಡ್ಡ ಬರುವುದಿಲ್ಲ. ಇಲ್ಲವಾದರೆ ಅಲ್ಲಿಗೇ ಬಿಡಬೇಕು.

ಆ ರವಿವಾರ ಅಮಾವಾಸ್ಯೆ ಬಂತು.

ನಾನು ದೃಷ್ಟಿಗೆ ಅಂಜುವ ಮನುಷ್ಯ. ಅಮಾವಾಸ್ಯೆ ಬಂದರೆ ಗಿರಣಿಯ ಮೋಟರಿಗೆ, ಬೈಕಿಗೆ, ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟದೆ ಬಿಡುವವನಲ್ಲ. ಬೀಗರು ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದರು. ಬೆಳಿಗ್ಗೆ ಅಂಗಳದಲ್ಲಿ ಬ್ಯಾಟರಿ ಕೂಡಿಸಿ ತೂಕ ನೋಡಿ, ಚುಕ್ಕೆಯ ಮೇಲೆ ವಿಮಾನ ನೆಟ್ಟಗೆ ನಿಂತದ್ದನ್ನು ನನಗೆ ತೋರಿಸಿದರು. ನಾನು ಲಿಂಬೆಹಣ್ಣು ಹಿಡಿದುಕೊಂಡು ಬಂದೆ.

"ಬ್ಯಾಡ್ರಿ ಬೀಗರ. ಬಸ್ಸಿಗೆ ಕಟ್ಟಿದ ಲಿಂಬಿಕಾಯಿ ಭಾರ ಬಸ್ಸಿಗೆ ತಿಳಿಯೂದಿಲ್ಲ. ಇದಕ್ಕ ತಿಳೀತೈತಿ."

"ಅಮಾಸಿರಿ. ಹಂಗ ಬರೇ ಮೈಲೆ ಬಿಡಬಾರದು."

"ಲಿಂಬಿಕಾಯಿ ಪಾನಕ ಮಾಡ್ರಿ, ಬಂದು ಕುಡಿಯೂಣು."

ನಾನು ನಕ್ಕೆ. ಆದರೆ ಮನಸ್ಸು ಒಪ್ಪಲಿಲ್ಲ. ದೇವರ ಜಗಲಿಯ ಮೇಲೆ ನನ್ನ ಹೆಂಡತಿಯ ವಿಭೂತಿ ಗಟ್ಟಿ ಇತ್ತು. ದಿನಾಲೂ ಮೂರು ಬೆರಳಾಡಿಸಿ ಆಡಿಸಿ ಅದರ ನಡುವೆ ತೊಟ್ಟಿಲಿನಂಥ ತಗ್ಗು ಬಿದ್ದಿತ್ತು. ಅವಳು ಹೋದ ಮೇಲೆ ಅದನ್ನು ನಾನು ಹಚ್ಚಿಕೊಂಡಿರಲಿಲ್ಲ, ಆ ತಗ್ಗು ಅಳಿಯಬಾರದೆಂದು. ನನ್ನ ಮನೆಯಲ್ಲಿ ಅದಕ್ಕಿಂತ ದೊಡ್ಡ ಕಾವಲು ಇರಲಿಲ್ಲ. ಅವಳ ಸೀರೆಯ ಒಂದು ಚೂರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಮಡ್ಡಿಯಲ್ಲಿ ಬ್ಯಾಟರಿ ಕೂಡಿಸುವಾಗ ಆ ಗಂಟನ್ನು ವಿಮಾನದ ಹೊಟ್ಟೆಯೊಳಗೆ ಹಿಂದಕ್ಕೆ ತಳ್ಳಿ ಮುಚ್ಚಳ ಹಾಕಿದೆ. ಒಳಗೆ ಬಾಲದವರೆಗೆ ಪೊಳ್ಳು ಎಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅಳಿಯ ಬಂದ. ಬೀಗರು ಅವನ ಜೊತೆ ಮಾತಾಡುತ್ತಲೇ ಕೇಳಿದರು, "ಬೀಗರ, ತೂಕ ನೋಡಿದ್ರ್ಯಾ?"

ಬೆರಳ ಮೇಲೆ ಇಟ್ಟರೆ ಬಾಲ ಬಾಗುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ನಾನು ಇಟ್ಟು ನೋಡಲಿಲ್ಲ.

"ನೋಡೇನ್ರಿ" ಎಂದೆ.

ಅವರು ಜಾಗಕ್ಕೆ ಹೋಗಿ ನಿಂತು ನನ್ನ ಕಡೆ ನೋಡಿದರು. ಆ ಕ್ಷಣದಲ್ಲಿ ಒಂದು ಮಾತು ಹೇಳಬಹುದಿತ್ತು. ದೇವರ ಭಾರ ಎಷ್ಟಿದ್ದೀತು ಅಂದುಕೊಂಡೆ. ಅಂದೆ, "ರೈಟ್."

ವಿಮಾನ ಓಡಿತು. ಎಂದಿಗಿಂತ ಬೇಗ ನೆಲ ಬಿಟ್ಟಿತು. ಮೂತಿ ಮೇಲೆತ್ತಿತು, ಇನ್ನೂ ಮೇಲೆತ್ತಿತು. ಅದನ್ನು ಇಳಿಸಲು ಬೀಗರ ಹೆಬ್ಬೆರಳು ಕಡ್ಡಿಯನ್ನು ಪೂರ್ತಿ ಮುಂದೆ ಒತ್ತಿದ್ದನ್ನು ನಾನು ಕಂಡೆ. ಅವರ ಕಣ್ಣು ಸರಿಯಾಗಿಯೇ ನೋಡಿತ್ತು, ಕೈ ಸರಿಯಾಗಿಯೇ ಮಾಡಿತ್ತು. ವಿಮಾನ ಆಕಾಶದಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಒಂದು ರೆಕ್ಕೆಯ ಮೇಲೆ ಹೊರಳಿ ಮಡ್ಡಿಗೆ ಬಡಿಯಿತು.

ಎಲ್ಲರಿಗಿಂತ ಮೊದಲು ಅವರೇ ಹೋದರು. ನಮಗೆ ಬೆನ್ನು ಮಾಡಿ ಮೊಣಕಾಲೂರಿ ಚೂರುಗಳನ್ನು ಆರಿಸುತ್ತಿದ್ದರು. ಕೈ ಒಮ್ಮೆ ಜೇಬಿಗೆ ಹೋದದ್ದು ಕಂಡಿತು; ಯಾವುದೋ ಸ್ಕ್ರೂ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಮುರಿದ ಬಾಲದ ಒಳಗೆಲ್ಲ ಬಿಳಿ ಪುಡಿ. ಅಳಿಯ ಅದನ್ನು ಥರ್ಮಾಕೋಲು ಎಂದು ತಿಳಿದ.

"ಅಪ್ಪಾ, ಇನ್ನ ಸಾಕು ಮಾಡು" ಎಂದ ಅವನು, ಮೆತ್ತಗೆ.

ಬೀಗರು ಎದ್ದು ನಿಂತು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಹೌದಪಾ. ಕಣ್ಣು ಮಂಜಾಗ್ಯಾವು" ಎಂದರು. ರಿಮೋಟನ್ನು ಮಗನ ಕೈಯಲ್ಲಿ ಇಟ್ಟರು. ನನ್ನ ಕಡೆ ನೋಡಲಿಲ್ಲ.

ಮುಂದಿನ ತಿಂಗಳು ಗೋಕಾಕಕ್ಕೆ ಹೋದಾಗ ಬೀಗರು ಪೂಜೆಗೆ ಕೂತಿದ್ದರು. ಅಂಗೈಯಲ್ಲಿ ಲಿಂಗ, ಮುಂದೆ ವಿಭೂತಿ ಗಟ್ಟಿ. ಅದರ ನಡುವೆ ತೊಟ್ಟಿಲಿನಂಥ ತಗ್ಗು. ಒಂದು ಮೂಲೆ ಒಡೆದಿತ್ತು. ಅವರು ಅದರ ಮೇಲೆ ಮೂರು ಬೆರಳಾಡಿಸಿ ಹಣೆಗೆ ಎಳೆದುಕೊಂಡು, "ಬರ್ರಿ ಬೀಗರ" ಎಂದರು.

ನಾನು ಆ ಗಟ್ಟಿಯನ್ನೇ ನೋಡುತ್ತ ಕೂತೆ. ಚಹಾ ಬಂದ ಮೇಲೆ ಶುರು ಮಾಡಿದೆ, "ಬೀಗರ, ಅವತ್ತ ಮಡ್ಡಿ ಮ್ಯಾಲ..."

"ಚಾ ಆರತೈತಿ, ಕುಡೀರಿ" ಎಂದರು. ಒಳಗೆ ನನ್ನ ಮಗಳು ಅತ್ತೆಯ ಜೊತೆ ಏನೋ ಹೇಳಿ ನಗುತ್ತಿದ್ದಳು. ಬೀಗರು ಆ ನಗುವಿನ ಕಡೆ ಒಮ್ಮೆ ಗೋಣು ತಿರುಗಿಸಿ, ಮತ್ತೆ ನನ್ನನ್ನು ನೋಡಿದರು. ನನಗೆ ಅರ್ಥವಾಯಿತು. ಮಾವನ ಹಾರಾಟವನ್ನು ಸೊಸೆಯ ಅಪ್ಪನೇ ಕೆಡಿಸಿದ ಎಂಬ ಮಾತು ಆ ಮನೆಯಲ್ಲಿ ಹುಟ್ಟಿದರೆ, ಅದನ್ನು ದಿನಾಲೂ ಕೇಳಬೇಕಾದವಳು ನನ್ನ ಮಗಳು.

ಅಷ್ಟಕ್ಕೆ ನಾನು ಸುಮ್ಮನಾಗಿದ್ದರೆ ಮಗಳಿಗಾಗಿ ಎಂದುಕೊಳ್ಳಬಹುದಿತ್ತು. ಹಾಗಲ್ಲ. ಅಳಿಯನನ್ನು ಒಬ್ಬನನ್ನೇ ಕರೆದು ಹೇಳಬಹುದಿತ್ತು. ಅವನು ಒಳ್ಳೆಯವನು, ಯಾರ ಮುಂದೂ ಆಡುವವನಲ್ಲ. ಹೇಳಿದ್ದರೆ ಅವರು ಮತ್ತೆ ಹಾರಿಸುತ್ತಿದ್ದರು. ನಾನು ಹೇಳಲಿಲ್ಲ. ಬೀಗನೆಂಬ ನನ್ನ ಮರ್ಯಾದೆ ಹೋದೀತೆಂದು ಹೇಳಲಿಲ್ಲ. ಸಂಜೆ ಮಾಳಿಗೆಯ ಮೇಲೆ ನಿಂತು ಅವರು ಹದ್ದುಗಳನ್ನು ನೋಡುತ್ತಿದ್ದರು. ಹದ್ದು ಹೊರಳುವ ಮುಂಚೆ ಅವರ ಹೆಬ್ಬೆರಳು ಹೊರಳುತ್ತಿತ್ತು. ಪಕ್ಕದಲ್ಲಿ ನಿಂತು ನಾನು ಅದನ್ನು ವರ್ಷಗಟ್ಟಲೆ ನೋಡಿದೆ. ಹೋದಾಗೊಮ್ಮೆ ಅವರ ದೇವರ ಜಗಲಿಯ ಕಡೆಗೂ ಕಣ್ಣು ಹೋಗುತ್ತಿತ್ತು. ಗಟ್ಟಿ ಸವೆಯುತ್ತಿತ್ತು.

ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ನಾನು ಗೋಕಾಕ ಮುಟ್ಟಿದಾಗ ಮಗಳು ಅಳುತ್ತಲೇ ನನ್ನ ಕೈಯಲ್ಲಿ ಒಂದು ಸಣ್ಣ ಗಂಟು ಇಟ್ಟಳು. ಅವಳ ಅವ್ವನ ಸೀರೆಯ ಚೂರು. ಒಳಗೆ ಉಗುರಿನಷ್ಟು ವಿಭೂತಿ.

"ಮಾವಾರು ಹಿಂದಿನ ವಾರ ಕೊಟ್ಟಿದ್ರಪಾ. ನಿಮ್ಮಪ್ಪ ಗಾಡ್ಯಾಗ ಮರತ ಸಾಮಾನು ಐತಿ, ಮುಟ್ಟಸು ಅಂದ್ರು. ಯಾವ ಗಾಡಿ ಅಂದ್ರ ನಕ್ರು."

ಹುಕ್ಕೇರಿಯ ಅವರ ಹೊಲದಲ್ಲಿ ಮಣ್ಣು ಕೊಡುವುದೆಂದಾಗಿತ್ತು. ದಾರಿಯಲ್ಲಿ ಅಳಿಯನ ಪಕ್ಕ ಕೂತವನು ಎಲ್ಲವನ್ನೂ ಹೇಳಿಬಿಟ್ಟೆ. ಅವನು ಕಿಟಕಿಯ ಹೊರಗೆ ನೋಡುತ್ತಲೇ ಇದ್ದ. ಸಿಟ್ಟಾಗಲಿ ಎಂದು ನಾನು ಕಾದೆ. ಅವನು ಒಂದೇ ಮಾತು ಅಂದ.

"ಹಂಗಾದ್ರ ಅಪ್ಪನ ಕಣ್ಣು ಛೊಲೋ ಇದ್ದೂ."

"ಛೊಲೋ ಇದ್ದೂಪಾ" ಎಂದೆ.

ಕುಣಿಯಲ್ಲಿ ಅವರನ್ನು ಕೂಡಿಸಿದ್ದರು, ಬಸ್ಸಿನ ಸೀಟಿನಲ್ಲಿ ಕೂತಷ್ಟೇ ನೆಟ್ಟಗೆ. ಅಯ್ಯನವರು ಮಂತ್ರ ಮುಗಿಸಿ ಪಕ್ಕಕ್ಕೆ ಸರಿದರು. ಮಣ್ಣು ಹಿಡಿದುಕೊಂಡು ಎಲ್ಲರೂ ನಿಂತಿದ್ದರು, ಹಿರಿಯ ಬೀಗನೆಂದು ಮೊದಲು ನಾನು ಹಾಕಲೆಂದು ಕಾಯುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಅಂಗೈಯಲ್ಲಿ ಲಿಂಗ ಇತ್ತು. ಹಣೆಯ ಮೇಲೆ ಮೂರು ಗೆರೆ ಇದ್ದವು. ಎಡಕ್ಕೆ ಬಿಲ್ವದ ಎಲೆ, ಬಲಕ್ಕೆ ಬಿಲ್ವದ ಎಲೆ. ಕುತ್ತಿಗೆ ಯಾವ ಕಡೆಗೂ ಬಾಗಿರಲಿಲ್ಲ. ಎಲ್ಲವನ್ನೂ ನೋಡಿದೆ. ಈ ಸಲ ಖರೇನೇ ನೋಡಿದೆ.

ಆಮೇಲೆ ಅವರಿಗಷ್ಟೇ ಕೇಳುವಂತೆ ಅಂದೆ, "ರೈಟ್."