ಕಣ್ಣನ್ನು ಮೊಟ್ಟೆ ಎಂದ ತೇಪೆಗೆ ಮುರ್ನಿ ಸಹಿ ಹಾಕಲಿಲ್ಲ

ಜಾವಾದ ಸೋಲೋ ನಗರದಲ್ಲಿ ಬೆಳಗಿನ ಬಾಂಗ್ ಮುಗಿಯುವಷ್ಟರಲ್ಲಿ ಬು ಮುರ್ನಿ, ಅಂದರೆ ಮುರ್ನಿ ಅಮ್ಮ, ಆಪ್‌ಗಳ ನಲವತ್ತು ಗುಂಡಿಗಳ ಜಾತಕ ಜಾಲಾಡಿರುತ್ತಾರೆ. ಜಗಲಿಯಲ್ಲಿ ಮಲ್ಲಿಗೆ ಚಹಾ, ಕಿವಿಗೆ ಆನಿಸಿದ ಫೋನು. ಪರದೆಯ ಮೇಲಿರುವುದನ್ನೆಲ್ಲ ಅದು ಓದಿ ಹೇಳುತ್ತದೆ. ಹೇಳುವುದೇನು, ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತದೆ. ಆ ವೇಗ ಹಿಡಿಯುವ ಕಿವಿ ಇಡೀ ಜಾವಾದಲ್ಲಿ ಇನ್ನೊಂದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ.

ಮುರ್ನಿಗೆ ನಲವತ್ತೊಂದು ವರ್ಷ. ಹತ್ತೊಂಬತ್ತಕ್ಕೇ ಕಣ್ಣು ಹೋಯಿತು. ಹನ್ನೊಂದು ವರ್ಷ ಮಸಾಜು ಮಾಡಿ ಅರ್ಧ ಊರಿನ ಬೆನ್ನು ನೆಟ್ಟಗಾಗಿಸಿದವರು. ಈಗ ಆಪ್‌ಗಳು ಕಣ್ಣಿಲ್ಲದವರ ಕೈಗೆ ಒಗ್ಗುತ್ತವೆಯೇ ಎಂದು ಪರೀಕ್ಷಿಸುವುದೇ ಕೆಲಸ. ದಿನಕ್ಕೆ ಆರುನೂರು ಗುಂಡಿ, ಐನೂರಕ್ಕೆ ಹೆಸರೇ ಇಲ್ಲ. "ಗುಂಡಿ, ಗುಂಡಿ, ಗುಂಡಿ ಅಂತ ಬಡ್ಕೊಳತ್ತೆ. ಯಾವ ಗುಂಡಿ? ನಾನೇನು ದರ್ಜಿನಾ?"

ಸಿಟ್ಟಿಗೆ ಕಾರಣವಿದೆ. ಕಣ್ಣಿನ ಒತ್ತಡ ಏರಿದರೆ ಮುರ್ನಿಗೆ ತಲೆ ಸೀಳುವ ನೋವು. ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಲೇಬೇಕು. ಆಸ್ಪತ್ರೆಯ ಟೋಕನ್ ಆಪ್ ಅವರಿಗೆ ಒಲಿಯದು. ಹಾಗಾಗಿ ಫೋನನ್ನು ಪಕ್ಕದ ಮನೆಯ ಯಾತ್ಮಿಯ ಕೈಗೆ ಕೊಡಬೇಕು. "ಅವಳು ನನ್ನ ಕಾಯಿಲೇನ ಬಿಸಿ ತೆಂಪೆ ತಿಂಡಿ ಕೂಗಿ ಮಾರೋ ಹಾಗೆ ಓದ್ತಾಳೆ. ಬೀದಿಗೆಲ್ಲ ಗೊತ್ತು."

ಆ ಆಪ್ ತಿದ್ದುವ ಕೆಲಸ ಮುರ್ನಿಯ ಕಚೇರಿಗೇ ಬಂತು. ಮುಖ್ಯಸ್ಥ ಪಾಕ್ ಸಿಗಿತ್, ಅಂದರೆ ಸಿಗಿತ್ ಸಾಹೇಬರು, ಅಡ್ಡದಾರಿ ಹುಡುಕಿದರು: ಗುಂಡಿಗಳಿಗೆ ಒಂದೊಂದಾಗಿ ಹೆಸರಿಡುವ ಬದಲು, ಚಿತ್ರ ನೋಡಿ ತಾನೇ ಹೆಸರು ಊಹಿಸುವ ತಂತ್ರಾಂಶದ ತೇಪೆಯೊಂದನ್ನು ಆಪ್‌ನ ಮೇಲೆ ಅಂಟಿಸುವುದು. ಕಣ್ಣಿರುವವರ ಈ ಸೋಮಾರಿತನಕ್ಕೆ ಬೆಂಕಿ ಬೀಳಲಿ! 'ಅಂಧರು ಪರೀಕ್ಷಿಸಿ ಒಪ್ಪಿದ್ದಾರೆ' ಎಂಬ ಕಾಗದಕ್ಕೆ ಮುರ್ನಿಯ ಸಹಿ ಬೇಕು. ಅದಿಲ್ಲದೆ ಆಸ್ಪತ್ರೆ ಆಪನ್ನು ಒಪ್ಪುವುದಿಲ್ಲ.

ಸಭೆಯಲ್ಲಿ ಮುರ್ನಿ ಫೋನಿನ ದನಿ ಏರಿಸಿ, ಕಣ್ಣಿನ ವಿಭಾಗಕ್ಕೆಂದು ಇಟ್ಟಿದ್ದ ಕಣ್ಣಿನ ಚಿತ್ರ ಒತ್ತಿದರು. ತೇಪೆ ಘೋಷಿಸಿತು: "ತೆಲುರ್ ಮಾತಾ ಸಾಪಿ!" ಅಂದರೆ ಹಸುವಿನ ಕಣ್ಣಿನ ಮೊಟ್ಟೆ, ಹಳದಿ ಒಡೆಯದೆ ಕರಿದ ಮೊಟ್ಟೆಗೆ ಇಲ್ಲಿ ಅದೇ ಹೆಸರು. ಎದ್ದ ನಗೆಗೆ ಮೆರಾಪಿ ಜ್ವಾಲಾಮುಖಿಯೇ ಬೆಚ್ಚಿರಬೇಕು. ಮುರ್ನಿ ನಗಲಿಲ್ಲ.

"ಸಣ್ಣ ತಪ್ಪು, ಬು. ಈಗ ಸಹಿ ಹಾಕಿ, ಆಮೇಲೆ ಸರಿ ಮಾಡೋಣ," ಎಂದರು ಸಿಗಿತ್.

"ನಿಮ್ಮ 'ಆಮೇಲೆ' ಕೇಳಿ ಕೇಳಿ ನನ್ನ ಕಿವೀನೂ ಹೋಗತ್ತೆ, ಪಾಕ್. ತಲೆ ಸಿಡೀತಿರೋಳಿಗೆ ಮೊಟ್ಟೆ ಬಡಿಸ್ತೀರಾ? ಕುರುಡರಿಗೆ ಇಷ್ಟು ಸಾಕು ಅಂತ ತಾನೇ? ಗೋಡೆ ಮೇಲೆ ಬಾಗಿಲಿನ ಚಿತ್ರ ಬರೆದು ಒಳಗೆ ಬನ್ನಿ ಅಂದ್ರೆ ಆಯ್ತಾ? ಸಹಿ ಹಾಕಲ್ಲ."

ಒಂಬತ್ತು ದಿನ ಕಾಗದ ಮೇಜಿನ ಮೇಲೇ ಬಿದ್ದಿತ್ತು. ಹತ್ತನೆಯ ದಿನ ಸಿಗಿತ್ ತೇಪೆ ಕಿತ್ತರು. ಇನ್ನೂರ ಹನ್ನೆರಡು ಗುಂಡಿಗಳಿಗೂ ಈಗ ಬುಡದಿಂದಲೇ ಒಂದೊಂದಾಗಿ ಹೆಸರು ಬೀಳುತ್ತಿದೆ. ಮುರ್ನಿ ಎಲ್ಲಕ್ಕಿಂತ ಮೊದಲು ಬರೆಸಿದ್ದು ಕಣ್ಣಿನ ವಿಭಾಗದ್ದನ್ನು.

ಟೋಕನ್ ಸಿಕ್ಕಿತೇ ಎಂದು ಕೇಳುತ್ತೇನೆ.

"ನಿನ್ನೆ ನಾನೇ ತಗೊಂಡೆ. ಯಾವತ್ತು, ಎಷ್ಟು ಗಂಟೆಗೆ ಅಂತ ಕೇಳ್ಬೇಡಿ. ಅದು ನನ್ನ ವಿಷಯ."