ಉಪ್ಪುನೀರಿನ ಸೀಗಡಿ ಮತ್ತು ನಮ್ಮವ್ವ

ಶಹಾಪುರದಲ್ಲಿ ನನ್ನದು ಚಷ್ಮಾ ಅಂಗಡಿ. ಕಣ್ಣು ತೋರಿಸಲು ಬಂದು ಕಾಯುವವರಿಗೆ ಬೇಸರವಾಗದಿರಲೆಂದು ಒಂದು ಗಾಜಿನ ತೊಟ್ಟಿ ಇಟ್ಟಿದ್ದೆ. ಹೈದರಾಬಾದಿನಿಂದ ತರಿಸಿದ ಉಪ್ಪನ್ನು ಶುದ್ಧ ನೀರಿಗೆ ಬೆರೆಸಿ, ಅದರಲ್ಲಿ ಸಮುದ್ರದ ಎರಡು ಕಿತ್ತಳೆ ಮೀನು, ಕೆಂಪು ಪಟ್ಟೆಯ ಆರು ಸೀಗಡಿ ಬಿಟ್ಟಿದ್ದೆ.

ಆ ಬೇಸಿಗೆಯಲ್ಲಿ ಸೀಗಡಿಗಳು ಒಂದೊಂದಾಗಿ ಕಾಣೆಯಾದವು. ಹೆಣವೂ ಸಿಗುತ್ತಿರಲಿಲ್ಲ. ಮೀನುಗಳ ಮೇಲೆ ಅನುಮಾನಪಟ್ಟು ಅವನ್ನು ಬೇರೆ ಇಟ್ಟೆ; ಆಮೇಲೂ ಒಂದು ಹೋಯಿತು. ಕಲ್ಲಿನ ಸಂದಿಯಲ್ಲಿ ಏಡಿ ಅಡಗಿದೆಯೇನೋ ಎಂದು ಎಲ್ಲ ಕಲ್ಲು ಎತ್ತಿ ನೋಡಿದೆ. ಏನೂ ಇರಲಿಲ್ಲ. ಎರಡೇ ಉಳಿದವು.

ಅಷ್ಟರಲ್ಲಿ ಚಷ್ಮಾ ಬದಲಿಸಲು ಅವ್ವ ಬಂದಳು. ವಡಗೇರಾ ಕಡೆಯ ಹೊಳೆದಂಡೆಯ ಊರಿನಲ್ಲಿ ಅಪ್ಪನೊಂದಿಗೆ ಬಲೆ ಬೀಸಿ, ಸಂತೆಯಲ್ಲಿ ಮೀನು ಮಾರಿ ನನ್ನನ್ನು ಓದಿಸಿದವಳು. ಆ ಸಂಗತಿಯನ್ನು ನಾನು ಗಿರಾಕಿಗಳಿಗೆ ಎಂದೂ ಹೇಳಿರಲಿಲ್ಲ.

ಹೊಸ ಚಷ್ಮಾ ಹಾಕಿಕೊಂಡು ಅವ್ವ ತೊಟ್ಟಿಯ ಮುಂದೆ ಕುಳಿತಳು. ಸೆಕೆಗೆ ಆರಿದಷ್ಟು ನೀರನ್ನು ನಾನು ತುಂಬುತ್ತಿದ್ದೆ.

“ಆ ನೀರ ಯಾವುದರಾಗಿಂದ ತಂದಿ?”

“ಕುಡಿಯೂ ನೀರ ಅವ್ವಾ. ಶುದ್ಧ ಅದ.”

“ನೀರ ಕೇಳಿಲ್ಲೋ, ಪಾತ್ರಿ ಕೇಳೀನಿ.”

ನಳವಿದ್ದ ತಾಮ್ರದ ಪಾತ್ರೆ ಅದು. ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಬೇಸಿಗೆ ಶುರುವಾದಾಗ ಗಿರಾಕಿಗಳಿಗಾಗಿ ತಂದಿದ್ದೆ.

“ಜೀವಂತ ಸೀಗಡಿ ನಾವು ತಾಮ್ರದ ಕೊಡದಾಗ ಒಯ್ತಿದ್ದಿಲ್ಲ. ಮೀನ ತಡೀತಾವ, ಸೀಗಡಿ ತಡ್ಯಂಗಿಲ್ಲ. ಸಂತಿ ಮುಟ್ಟೂದ್ರಾಗ ಸಾಯ್ತಿದ್ವು. ಮಣ್ಣಿನ ಗಡಿಗ್ಯಾಗ ಒಯ್ತಿದ್ವಿ.”

“ಸತ್ತವು ಎಲ್ಲಿ ಹೋದ್ವು ಹಂಗಾರ?”

“ಉಳಿದವು ತಿಂದಾವ. ಸತ್ತದ್ದ ಕಂಡ್ರ ಸೀಗಡಿ ಬಿಡತದೇನು?”

ನೀರಿನಲ್ಲಿ ತಾಮ್ರವಿದೆಯೇ ಎಂದು ತೋರಿಸುವ ಔಷಧಿ ತರಿಸಿದೆ. ಕೆಲವು ಹನಿ ಬಿದ್ದೊಡನೆ ತೊಟ್ಟಿಯ ನೀರು ಬಣ್ಣ ತಿರುಗಿತು. ಅವ್ವ ಹೇಳಿದ್ದು ಖರೆ ಇತ್ತು. ವಾರಗಟ್ಟಲೆ ಸ್ವಲ್ಪಸ್ವಲ್ಪ ನೀರು ಬದಲಿಸುತ್ತ, ಪ್ಲಾಸ್ಟಿಕ್ ಬಕೆಟ್ಟಿನದನ್ನೇ ತುಂಬುತ್ತ ಬಂದೆ. ಉಳಿದ ಎರಡು ಸೀಗಡಿಯೂ ಬದುಕಿದವು. ಮತ್ತೆ ನಾಲ್ಕು ತಂದು ಬಿಟ್ಟೆ, ಬೇರೆ ಇಟ್ಟಿದ್ದ ಮೀನುಗಳನ್ನೂ ಮರಳಿ ಬಿಟ್ಟೆ. ಒಂದೂ ಕಾಣೆಯಾಗಲಿಲ್ಲ.

ದೀಪಾವಳಿ ಮುಂದೆ ಅವ್ವ ಮತ್ತೆ ಬಂದಾಗ ಅಂಗಡಿಯಲ್ಲಿ ಸುರಪುರದ ಕಾಲೇಜಿನ ಮೇಷ್ಟ್ರೊಬ್ಬರಿದ್ದರು. ಹಿಂದೆ ತಮ್ಮ ಮನೆಯಲ್ಲೂ ಇಂಥದೇ ತೊಟ್ಟಿಯಿಟ್ಟು ಸೋತವರು.

“ಸೀಗಡಿ ಉಳಿಸೂದು ಯಾರ ಹೇಳ್ಕೊಟ್ರು ನಿಮಗ?” ಎಂದರು.

“ನಮ್ಮವ್ವರಿ. ಸಂತ್ಯಾಗ ಮೀನ ಮಾರ್ತಿದ್ಳು,” ಎಂದೆ. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಮೇಷ್ಟ್ರು ಅವ್ವನ ಕಡೆ ತಿರುಗಿದರು. “ಸಮುದ್ರದ ಸೀಗಡಿ ನಿಮಗ ಹ್ಯಾಂಗ ಗೊತ್ತಾತ್ರಿ, ಅವ್ವಾರ?”

“ಸಮುದ್ರ ನಾ ನೋಡಿಲ್ರಿ. ಸೀಗಡಿ ನೋಡೀನಿ,” ಎಂದು ಅವ್ವ ಕುರ್ಚಿಯನ್ನು ತೊಟ್ಟಿಯ ಹತ್ತಿರ ಎಳೆದುಕೊಂಡಳು. “ಇಲ್ಲಿ ಬರ್ರಿ, ಈ ಮೂಲ್ಯಾಗಿಂದು ತತ್ತಿ ಹೊತ್ತದ. ಹೊಟ್ಟಿ ಕೆಳಗ ನೋಡ್ರಿ.”

ಮೇಷ್ಟ್ರು ಚಷ್ಮಾ ಸರಿಮಾಡಿಕೊಂಡು ಬಗ್ಗಿದರು.