ಕಾಕುವಿನ ಹಲಗೆಯ ಮೇಲೆ ಹನ್ನೊಂದು ದೀಪ

ನಮ್ಮ ಮಿಶ್ರಿಕೋಟಿಯಲ್ಲಿ ಈ ಸಂಗತಿಯನ್ನು ಹೇಳುವ ರೀತಿಯೇ ಬೇರೆ. ಸತ್ತ ಅಜ್ಜಿ, ಅಂದರೆ ಕಾಕುವಿನ ತಾಯಿ, ಬಂದು, ಕರೆಂಟಿಲ್ಲದ ದೀಪ ಹೊತ್ತಿಸಿ, ಮಗಳಿಗೆ ಕಸೂತಿ ಕಲಿಸಿ ಹೋದಳಂತೆ. ಮೂರೂ ಸುಳ್ಳು. ಕರೆಂಟು ಇತ್ತು, ನನ್ನ ಪವರ್ ಬ್ಯಾಂಕಿನಿಂದ ನಾನೇ ಕೊಟ್ಟಿದ್ದೆ. ಅಜ್ಜಿ ಯಾರ ಕಣ್ಣಿಗೂ ಬೀಳಲಿಲ್ಲ. ಕಲಿಸುವ ಮಾತಂತೂ ಬೇಡ, ನಮ್ಮ ಕಾಕು ಮದುವೆಗೆ ಮೊದಲಿನಿಂದ ಸೂಜಿ ಹಿಡಿದವರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವಗಳ ವಿರುದ್ಧ ವಾದಿಸಿ ಗೆದ್ದವನು ನಾನು, ಇಂಥದ್ದನ್ನು ನಂಬಿದವನಲ್ಲ. ಆದರೆ ಆ ಮೂರು ಸುಳ್ಳನ್ನು ಕಿತ್ತೆಸೆದ ಮೇಲೂ ಒಂದಿಷ್ಟು ಉಳಿಯುತ್ತದೆ. ಅದನ್ನಷ್ಟೇ ಹೇಳುತ್ತೇನೆ.

ಕಾಕು ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗುತ್ತಿತ್ತು. ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹತ್ತು ದಿನ ಉಳಿದಿತ್ತು. ಅವಳಿಗೆ ಉಡಿಸುವ ಹಸಿರು ಸೀರೆಯ ಸೆರಗಿಗೆ ತಮ್ಮ ತಾಯಿ ಹಾಕುತ್ತಿದ್ದ ತೊಟ್ಟಿಲಿನ ಕಸೂತಿಯನ್ನೇ ಹಾಕಬೇಕು, ಕಣ್ಣು ಪೂರ್ತಿ ಹೋಗುವ ಮೊದಲು ಇದೊಂದು ಕೆಲಸ ಮುಗಿಯಬೇಕು ಎಂಬುದು ಅವರ ಹಟ. ತಾಯಿ ಹೊಲಿದಿದ್ದ ಹಳೆಯ ತುಂಡು ಪೆಟ್ಟಿಗೆಯಲ್ಲಿತ್ತು. ಆದರೆ ಅದರಲ್ಲಿ ತೊಟ್ಟಿಲಿನ ಎಡ ಅರ್ಧ ಮಾತ್ರ ಉಳಿದಿತ್ತು. ಬಲ ಅರ್ಧ ಇಲಿಯ ಪಾಲಾಗಿತ್ತು.

ಆ ತುಂಡಿನ ಹೊಲಿಗೆ ನೋಡಿ ಎಣಿಸುವುದು ಅವರಿಂದ ಆಗುತ್ತಿರಲಿಲ್ಲ, ಬೆಳಕಿನ ಚುಕ್ಕೆಯಾದರೆ ಕಾಣುತ್ತಿತ್ತು. ಅದಕ್ಕೇ ನಾನು ಎಲ್‌ಇಡಿ ಹಲಗೆ ಮಾಡಲು ಕೂತೆ. ಅಂಗಡಿಯಲ್ಲಿ ಸಿಗುವ ಚೌಕ ಅಂಗೈಗಿಂತ ಸಣ್ಣದು. ನನಗೆ ಮೊಳದುದ್ದದ್ದು ಬೇಕಿತ್ತು. ಪ್ಲೈವುಡ್ಡಿಗೆ ತೂತು ಕೊರೆದು ಎಂಟು ಸಾಲು, ಸಾಲಿಗೆ ಹದಿನಾರು ದೀಪ ಕೂರಿಸಿದೆ. ಒಂದು ಡ್ರೈವರ್ ಚಿಪ್ ಅರವತ್ನಾಲ್ಕು ದೀಪ ನಡೆಸುತ್ತದೆ. ಆದ್ದರಿಂದ ಎಡಕ್ಕೊಂದು, ಬಲಕ್ಕೊಂದು. ಒಂದು ದೀಪವೆಂದರೆ ಸೂಜಿ ಊರುವ ಒಂದು ಜಾಗ.

ಸರ್ಕ್ಯೂಟಿನ ಚಿತ್ರ ನೋಡಿ ನಾನು ಎಣಿಕೆ ಹೇಳಿದೆ. ಕಾಕು ಹಲಗೆಯ ಹಿಂಬದಿಯನ್ನು ಬೆರಳಿನಿಂದ ತಡವುತ್ತ ವೈರು ಹಾಸಿದರು. ನಾನು ಬೆಸುಗೆ ಹಾಕಿದೆ. ಹಳೆಯ ತುಂಡಿನ ಹೊಲಿಗೆ ಎಣಿಸಿ ಪ್ರೋಗ್ರಾಮಿಗೆ ಹಾಕಿ ಹೊತ್ತಿಸಿದರೆ ಅರ್ಧ ತೊಟ್ಟಿಲು ತಿರುಗುಮುರುಗು! ಮುಂಬದಿಯ ಎಣಿಕೆಯನ್ನೇ ಅವರು ಹಿಂಬದಿಗೂ ಹಿಡಿದಿದ್ದರು.

“ಹಿಂದ ಬ್ಯಾರೆ, ಮುಂದ ಬ್ಯಾರೆ ಇರ್ತದೇನಲೇ? ಗಂಟು ಹಾಕದ ಹೊಲಿದ್ರ ಎರಡೂ ಬಾಜು ಒಂದ.”

“ಇದು ಸೀರಿ ಅಲ್ಲ ಕಾಕು, ಸರ್ಕ್ಯೂಟ್.”

“ಹಂಗಾರ ನಿನ್ನ ಸರ್ಕೀಟು ಅಗದಿ ಎರಡು ಮಾರೀದು ನೋಡು.”

ವೈರು ಕೀಳದೆ ಪ್ರೋಗ್ರಾಮಿನಲ್ಲೇ ಸರಿಪಡಿಸಿದೆ. ಇದ್ದ ಅರ್ಧವನ್ನೇ ಕನ್ನಡಿಯಂತೆ ತಿರುಗಿಸಿ ಬಲಕ್ಕೆ ಹಾಕಿದರೆ ತೊಟ್ಟಿಲು ಪೂರ್ತಿಯಾಗುತ್ತದೆ ಎಂದು ವಾದಿಸಿದೆ. ನನ್ನ ವಾದ ಕೇಳಿ ಕೇಳಿ ನನಗೆ ‘ವಕೀಲ’ ಎಂದೇ ಹೆಸರಿಟ್ಟಿದ್ದ ಕಾಕು ಒಪ್ಪಲಿಲ್ಲ. “ಆ ಬಾಜು ಬ್ಯಾರೆ ಏನೋ ಇತ್ತು, ನೆನಪಾಗವಲ್ದು. ಸುಳ್ಳು ತುಂಬಬ್ಯಾಡ ವಕೀಲಾ, ಖಾಲಿ ಬಿಡು,” ಎಂದು ಚಹಾ ಇಡಲು ಒಳಗೆ ಹೋದರು. ಬಲಭಾಗಕ್ಕೆಲ್ಲ ಸೊನ್ನೆ, ಅಂದರೆ ದೀಪ ಆರಿರಲಿ ಎಂದು, ಬರೆದು ಮತ್ತೆ ಹೊತ್ತಿಸಿದೆ.

ಬಲಭಾಗ ಹೊತ್ತಿತು. ತೊಟ್ಟಿಲಿನ ಉಳಿದ ಅರ್ಧ, ಅದರ ಹಗ್ಗದ ಮೇಲೆ ಗುಂಪಾಗಿ ಹನ್ನೊಂದು ದೀಪ. ಮಧ್ಯಾಹ್ನದ ಹೊತ್ತು, ಹೆದರಿಕೆಯೇನೂ ಆಗಲಿಲ್ಲ, ನನ್ನ ತಪ್ಪೆಂದು ಸಿಟ್ಟು ಬಂತು. ತಪ್ಪು ಹುಡುಕಲೆಂದೇ ಒಂದೊಂದು ದೀಪದ ಜಾಗವನ್ನೂ ವಹಿಯಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ಕಾಕುವನ್ನು ಕರೆದೆ. ಅವರು ಹಲಗೆಗೆ ಮುಖ ತಾಗುವಷ್ಟು ಬಾಗಿದರು. “ಗಿಳಿ,” ಎಂದರು. ಚಹಾ ಉಕ್ಕಿ ಹೋದರೂ ಏಳಲಿಲ್ಲ. ಸೂಜಿ ತರಿಸಿಕೊಂಡು, ದೀಪ ಎಣಿಸುತ್ತ, ಸೀರೆಯ ಎಳೆಯನ್ನು ಬೆರಳಿನಿಂದ ತಡವುತ್ತ ಹೊಲಿಯತೊಡಗಿದರು. ಕೊನೆಯ ಹೊಲಿಗೆ ಮುಗಿಯುವವರೆಗೂ ಹಲಗೆ ಹಾಗೇ ಇತ್ತು. ಆರಿಸಿ ಹೊತ್ತಿಸಿದೆ. ಬಲಭಾಗ ಕತ್ತಲು. ಇವತ್ತಿಗೂ ಕತ್ತಲೇ.

ವಾದ ನನಗೂ ಬರುತ್ತದೆ. ಚಿಪ್‌ನಲ್ಲಿ ಹಳೆಯ ಅಂಕಿಗಳ ಕಸ ಉಳಿದಿತ್ತೆ? ಸೊನ್ನೆ ಬರೆದರೆ ಕಸ ಹೋಗಬೇಕು. ವೈರು ಸಡಿಲವೆ? ಹಾಗಿದ್ದರೆ ಇಡೀ ಸಾಲು ಕೆಡುತ್ತದೆ. ಎಡದ ಚಿತ್ರ ಬಲಕ್ಕೆ ಹರಿಯಿತೆ? ಎಡದಲ್ಲಿ ಗಿಳಿಯೇ ಇರಲಿಲ್ಲ. ಫೋಟೊ ತೆಗೆಯಬೇಕಿತ್ತಲ್ಲ ಎನ್ನುತ್ತೀರಿ, ತೆಗೆದೆ. ಚಿಪ್ ಸಾಲುಗಳನ್ನು ಒಂದೊಂದಾಗಿ ಮಿನುಗಿಸುತ್ತದೆ. ಕಣ್ಣಿಗೆ ಎಲ್ಲವೂ ಕಂಡರೂ ನನ್ನ ಮೊಬೈಲಿಗೆ ಸಿಕ್ಕಿದ್ದು ಮೂರೇ ಸಾಲು. ಹನ್ನೊಂದು ಚುಕ್ಕೆಯಲ್ಲಿ ಗಿಳಿ ಕಾಣುವುದು ದೊಡ್ಡ ಮಾತಲ್ಲ ಎಂದುಕೊಂಡು ಸುಮ್ಮನಾಗಿದ್ದೆ.

ಕುಬಸದ ದಿನ ಅಣ್ಣಿಗೇರಿಯಿಂದ ಕಾಕುವಿನ ಅಕ್ಕ ಬಂದರು. ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಸೆರಗು ಹಿಡಿದವರು, “ಅಯ್ಯ, ಅವ್ವನ ಗಿಳಿ! ನಿನಗ ಹೆಂಗ ನೆನಪಿತ್ತಬೇ?” ಎಂದರು.

“ವಕೀಲನ್ನ ಕೇಳು,” ಎಂದರು ಕಾಕು.

ಕಾಕುವಿಗೆ ನೆನಪಾಯಿತು ಎಂದರೆ ಸೆರಗಿನ ಗಿಳಿಗೆ ಉತ್ತರ ಸಿಗುತ್ತದೆ. ಅವರು ಹಲಗೆಗೆ ಬಾಗುವ ಮೊದಲೇ ನಾನು ವಹಿಯಲ್ಲಿ ಹಾಕಿಕೊಂಡ ಗುರುತಿಗೆ ಸಿಗುವುದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ, ಮಗಳ ಸೀರೆಯನ್ನು ಬೆರಳಿನಿಂದಲೇ ನೋಡುತ್ತ ಮಡಚುತ್ತಿದ್ದ ಕಾಕುವಿನ ಎದುರು ಕೂತು ಕೇಳಿದೆ:

“ಖರೇ ಹೇಳು ಕಾಕು, ಇಲ್ಲಿ ದೀಪ ಹೊತ್ತಿದಾಗ ನೀ ಒಳಗ ಚಹಾ ಇಡಕೋತ ಏನ್ ನೆನಸಾಕತ್ತಿದ್ದಿ?”